ತಾಯಿಯ ಮಂಚ ಮಗುವಿನ ಪಕ್ಕಕ್ಕೆ ಬರಲಿ: ಆರೋಗ್ಯ ಸಚಿವರಿಗೆ ಬಹಿರಂಗ ಪತ್ರ

ಕರ್ನಾಟಕ ಸರ್ಕಾರದ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸಚಿವರಿಗೆ,

ಮಾನ್ಯರೇ,

ನಮ್ಮ ನವಜಾತ ಶಿಶು ವಿಶೇಷ ಆರೈಕೆ ಘಟಕಗಳಲ್ಲಿ ಮಗುವನ್ನು ಬೆಚ್ಚಗಿಡುವ ವಾರ್ಮರ್ ಇದೆ, ಕಾಮಾಲೆಗೆ ಬೆಳಕಿನ ಚಿಕಿತ್ಸೆಯಾದ ಫೋಟೊಥೆರಪಿ ಇದೆ. ಹಲವು ಕಡೆ ತಾಯಿಗೊಂದು ಮಂಚ ಮಾತ್ರ ಇಲ್ಲ. ಬಾಣಂತಿ ಒಂದು ವಾರ್ಡಿನಲ್ಲಿ, ಒಂದೂವರೆ ಕಿಲೋ ತೂಗುವ ಮಗು ಇನ್ನೊಂದರಲ್ಲಿ. ಹಾಲು ಕೊಡುವ ಹೊತ್ತಿಗೆ ಬಂದು ಹೋಗುವುದಷ್ಟೇ ಆಕೆಯ ಪಾಲಿಗಿದೆ. ಈ ಏರ್ಪಾಡು ಮಗುವಿನ ಮಿದುಳಿಗೆ ಪೆಟ್ಟು ಕೊಡಬಹುದು, ಇದನ್ನು ಬದಲಿಸಿ ಎಂದು ಕೇಳಲು ನವಜಾತ ಶಿಶುಗಳ ಆರೈಕೆಯಲ್ಲಿರುವ ನಾವು ಬರೆಯುತ್ತಿದ್ದೇವೆ.

ದಿನ ತುಂಬದೆ ಹುಟ್ಟಿದ ಮಗು ಗರ್ಭದಲ್ಲಿ ಕಳೆಯಬೇಕಿದ್ದ ವಾರಗಳನ್ನು ಅಲಾರಂ ಸದ್ದು, ಕಣ್ಣು ಕುಕ್ಕುವ ಬೆಳಕು, ಹಿಮ್ಮಡಿಗೆ ಚುಚ್ಚುವ ಸೂಜಿಗಳ ನಡುವೆ ಕಳೆಯುತ್ತದೆ. ನೋವಾದಾಗ ಒತ್ತಡದ ಹಾರ್ಮೋನ್ ಕಾರ್ಟಿಸಾಲ್ ಏರುವುದು ಸಹಜ; ಅದು ಬೇಗ ಇಳಿಯದಿದ್ದರೆ ತೊಂದರೆ. ಇಳಿಸುವ ಬ್ರೇಕ್ ಇರುವುದು ಮಿದುಳಿನ ಹಿಪೊಕ್ಯಾಂಪಸ್ ಎಂಬ ಭಾಗದಲ್ಲಿ ಕಾರ್ಟಿಸಾಲನ್ನು ಗುರುತಿಸುವ ಗ್ರಾಹಕಗಳಲ್ಲಿ. ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದ ಮೈಕಲ್ ಮೀನಿ ತಂಡ 2004ರಲ್ಲಿ ತೋರಿಸಿದ್ದು ಇದನ್ನೇ: ಹುಟ್ಟಿದ ಮೊದಲ ವಾರ ತಾಯಿ ಹೆಚ್ಚು ನೆಕ್ಕಿ ಸವರಿದ ಇಲಿಮರಿಗಳಲ್ಲಿ ಈ ಗ್ರಾಹಕದ ಜೀನ್ ಮೇಲೆ, ಅದರ ಕೆಲಸವನ್ನು ತಗ್ಗಿಸುವ ಮೀಥೈಲ್ ಎಂಬ ರಾಸಾಯನಿಕ ಗುರುತುಗಳು ಕಡಿಮೆ, ಗ್ರಾಹಕಗಳು ಹೆಚ್ಚು. ಮರಿಗಳನ್ನು ಅದಲುಬದಲು ಮಾಡಿದಾಗ ಅವು ಹೆತ್ತವಳನ್ನಲ್ಲ, ಸಾಕಿದವಳನ್ನು ಹೋತವು.

ಇಲ್ಲಿಗೇ ನಿಂತರೆ ದೋಷವೆಲ್ಲ ತಾಯಿಯ ತಲೆಗೆ ಬರುತ್ತದೆ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ತಾಲಿ ಬಾರಮ್ ಅವರ ಪ್ರಯೋಗಗಳನ್ನೂ ದಯವಿಟ್ಟು ಗಮನಿಸಿ. ಅಲ್ಲಿ ತಾಯಿ ಇಲಿಯನ್ನು ಯಾರೂ ಮುಟ್ಟಲಿಲ್ಲ. ಗೂಡು ಕಟ್ಟುವ ಸಾಮಗ್ರಿಯನ್ನು ಸುಮಾರು ಒಂದು ವಾರ ಕಡಿಮೆ ಮಾಡಿದರು, ಅಷ್ಟೇ. ಮರಿಗಳ ಜೊತೆ ಆಕೆ ಕಳೆದ ಒಟ್ಟು ಸಮಯ ಹೆಚ್ಚೇನೂ ಬದಲಾಗಲಿಲ್ಲ. ಆದರೆ ಆರೈಕೆ ತುಂಡುತುಂಡಾಯಿತು, ಯಾವಾಗ ಏನು ಬರುತ್ತದೆಂದು ಮರಿಗೆ ತಿಳಿಯದಂತಾಯಿತು. ಆ ಮರಿಗಳು ದೊಡ್ಡವಾದಾಗ ನೆನಪಿನ ಶಕ್ತಿ ಕುಂದಿತ್ತು. ಇಲಿಯ ಫಲಿತಾಂಶವನ್ನು ಮನುಷ್ಯರಿಗೆ ನೇರವಾಗಿ ಅಂಟಿಸಲಾಗದು, ನಿಜ. ಆದರೂ ಗೂಡಿನ ಸಾಮಗ್ರಿ ಯಾರ ಕೈಯಲ್ಲಿದೆ ಎಂಬ ಪ್ರಶ್ನೆ ನಮ್ಮ ಆಸ್ಪತ್ರೆಗಳಿಗೂ ಸಲ್ಲುತ್ತದೆ.

ಮನುಷ್ಯರ ಮಟ್ಟಿಗೆ ಕಾಂಗರೂ ಆರೈಕೆಯ, ಅಂದರೆ ಮಗುವನ್ನು ಮೈಗೆ ಮೈ ತಾಗುವಂತೆ ಎದೆಗೆ ಕಟ್ಟಿಕೊಳ್ಳುವ ವಿಧಾನದ, ಪುರಾವೆ ಗಟ್ಟಿಯಾಗಿದೆ. ಭಾರತವೂ ಸೇರಿ ಐದು ದೇಶಗಳಲ್ಲಿ 1 ಕಿಲೋದಿಂದ 1.799 ಕಿಲೋ ತೂಕದ 3,211 ಶಿಶುಗಳ ಅಧ್ಯಯನ 2021ರಲ್ಲಿ ಪ್ರಕಟವಾಯಿತು. ಮಗು ಸ್ಥಿರವಾಗುವವರೆಗೆ ಕಾಯದೆ, ಹುಟ್ಟಿದ ಕೂಡಲೇ ಎದೆಗಪ್ಪಿಸಿದ ಗುಂಪಿನಲ್ಲಿ 28 ದಿನಗಳೊಳಗಿನ ಸಾವು ಶೇ. 12; ಸ್ಥಿರವಾದ ಮೇಲೆ ಶುರುಮಾಡಿದವರಲ್ಲಿ ಶೇ. 15.7. ಮೊದಲ ಗುಂಪಿಗೆ ಘಟಕದಲ್ಲಿದ್ದಾಗ ದಿನಕ್ಕೆ ಸುಮಾರು 17 ಗಂಟೆ ಎದೆಯ ಕಾವು ಸಿಕ್ಕಿತ್ತು, ಎರಡನೆಯದಕ್ಕೆ ಒಂದೂವರೆ ಗಂಟೆ. ಕೊಲಂಬಿಯಾದ ಬೊಗೊಟಾದಲ್ಲಿ ಹೀಗೆ ಬೆಳೆದವರನ್ನು ಇಪ್ಪತ್ತು ವರ್ಷಗಳ ಬಳಿಕ ನೋಡಿದಾಗ, ಈ ಆರೈಕೆ ಸಿಗದವರಿಗಿಂತ ಆಕ್ರಮಣಕಾರಿ ವರ್ತನೆ ಕಡಿಮೆಯಿತ್ತು.

ವಿಧಾನ ಸರಳ, ಆದರೆ ಅಜಾಗರೂಕತೆ ಸಲ್ಲದು. ಮಗುವಿಗೆ ಕುಲಾವಿ, ಕಾಲುಚೀಲ, ಡೈಪರ್ ಮಾತ್ರ. ತಾಯಿಯ ಎದೆಯ ನಡುವೆ ನೆಟ್ಟಗೆ, ಕೈಕಾಲು ಕಪ್ಪೆಯಂತೆ ಮಡಿಸಿ, ಮುಖ ಒಂದು ಮಗ್ಗುಲಿಗೆ ತಿರುಗಿಸಿ, ಕುತ್ತಿಗೆ ತುಸು ಹಿಂದಕ್ಕೆ. ಗದ್ದ ಎದೆಗೆ ಬಾಗಿದರೆ ಉಸಿರುದಾರಿ ಕಟ್ಟುತ್ತದೆ. ಕಟ್ಟುವ ಬಟ್ಟೆಯ ಮೇಲಂಚು ಮಗುವಿನ ಕಿವಿಯ ಕೆಳಗಿರಬೇಕು. ಬಿಗಿ ಎದೆಯ ಭಾಗದಲ್ಲಿರಲಿ, ಹೊಟ್ಟೆಯ ಮೇಲಲ್ಲ. ಒಮ್ಮೆ ಎದೆಗೆ ಹಾಕಿದರೆ ಕನಿಷ್ಠ ಒಂದು ಗಂಟೆ ತೆಗೆಯಬಾರದು, ಎತ್ತಿಡುವುದೇ ಮಗುವಿಗೆ ಒತ್ತಡ. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ದಿನಕ್ಕೆ 8ರಿಂದ 24 ಗಂಟೆ. ಭೇಟಿಯ ವೇಳೆ ಗೊತ್ತುಮಾಡಿದ ಘಟಕದಲ್ಲಿ ಇದು ಆಗದ ಮಾತು.

ಆದ್ದರಿಂದ ವಾರ್ಮರ್ ಪಕ್ಕದಲ್ಲೇ ತಾಯಿಗೆ ಒರಗಿ ಕೂರಬಹುದಾದ ಮಂಚ ಬೇಕು, ಹತ್ತಿರದಲ್ಲೇ ಶೌಚಾಲಯ, ಬಿಸಿನೀರು, ಊಟ ಬೇಕು. ಸಿಸೇರಿಯನ್ ಆದವರಿಗೆ ಹೊಲಿಗೆ, ರಕ್ತಸ್ರಾವ, ಬಿಪಿ ನೋಡುವ ಪ್ರಸೂತಿ ವಿಭಾಗದ ಶುಶ್ರೂಷಕಿ ಪ್ರತಿ ಪಾಳಿಯಲ್ಲೂ ಅಲ್ಲಿಗೇ ಬರಬೇಕು. ನಮ್ಮ ಅನುಭವದಲ್ಲಿ ಯೋಜನೆ ಮುಗ್ಗರಿಸುವುದು ಇಲ್ಲೇ: ಮಗುವಿನ ಘಟಕ ಒಂದು ವಿಭಾಗದ್ದು, ಬಾಣಂತಿ ಇನ್ನೊಂದರವಳು, ಜವಾಬ್ದಾರಿ ಯಾರದೂ ಅಲ್ಲ. ತಾಯಿ ಸ್ನಾನಕ್ಕೆ, ನಿದ್ದೆಗೆ ಹೋದಾಗ ಮಗುವನ್ನು ಎದೆಗೆ ಹಾಕಿಕೊಳ್ಳಲು ಅಜ್ಜಿಗೋ ಅಪ್ಪನಿಗೋ ಒಂದು ಪಾಸ್ ಕೊಡಿ. ಎಷ್ಟು ಗಂಟೆ ಎದೆಯ ಮೇಲಿತ್ತು ಎಂಬುದನ್ನು ಜ್ವರ, ತೂಕದಂತೆಯೇ ಕೇಸ್ ಶೀಟಿನಲ್ಲಿ ಬರೆಯುವುದು ಕಡ್ಡಾಯವಾಗಲಿ.

ಇದು ನಮ್ಮಿಂದಾಗದು ಎನ್ನುವಂತಿಲ್ಲ. ಸರ್ಕಾರಿ ವ್ಯವಸ್ಥೆಯೊಳಗೇ ಕಾಂಗರೂ ಆರೈಕೆಯನ್ನು ವಿಸ್ತರಿಸುವ ಸಂಶೋಧನೆ ಕೊಪ್ಪಳ ಜಿಲ್ಲೆಯಲ್ಲಿ ನಡೆದಿದೆ. ಆ ಅನುಭವವಿರುವ ಸಿಬ್ಬಂದಿಯನ್ನೇ ಬೇರೆ ಜಿಲ್ಲೆಗಳ ತರಬೇತಿಗೆ ಕಳಿಸಬಹುದು.

ಕೂಲಿ ಬಿಟ್ಟು, ಮನೆಯಲ್ಲಿ ಇನ್ನೊಂದು ಮಗುವನ್ನು ಬಿಟ್ಟು ಬಂದ ತಾಯಿ ಬೇಗ ಡಿಸ್ಚಾರ್ಜ್ ಕೇಳುತ್ತಾಳೆ. ಘಟಕದಲ್ಲಿ ಉಳಿದಷ್ಟು ದಿನವೂ ಆಕೆಗೂ ಜೊತೆಗಿರುವವರಿಗೂ ಊಟ ಮತ್ತು ದಿನಭತ್ಯೆ ಕೊಡಿ. ಮನೆಗೆ ಹೋದ ಮೇಲೆ ಆಶಾ ಕಾರ್ಯಕರ್ತೆ 42ನೇ ದಿನದವರೆಗೆ ಮಾಡುವ ಭೇಟಿಗಳಲ್ಲಿ ಮಗುವಿನ ತೂಕದ ಜೊತೆಗೆ, ನಿನ್ನೆ ಎಷ್ಟು ಹೊತ್ತು ಎದೆಯ ಮೇಲಿತ್ತು, ತಾಯಿಗೆ ನಿದ್ದೆ ಬರುತ್ತಿದೆಯೇ, ಸುಮ್ಮನೆ ಅಳು ಬರುತ್ತಿದೆಯೇ ಎಂದೂ ಕೇಳಲಿ. ನಿದ್ದೆಯಿಲ್ಲ ಅಥವಾ ಅಳು ಬರುತ್ತದೆ ಎಂದರೆ ತಾಲ್ಲೂಕು ಆಸ್ಪತ್ರೆಯಲ್ಲಿ ಯಾರನ್ನು ಕಾಣಬೇಕೆಂಬುದನ್ನು ಅದೇ ನಮೂನೆಯಲ್ಲಿ ಅಚ್ಚು ಹಾಕಿಸಿ.

ಇತಿ,
ನವಜಾತ ಶಿಶು ಆರೈಕೆಯಲ್ಲಿ ತೊಡಗಿರುವ ವೈದ್ಯರು ಮತ್ತು ಶುಶ್ರೂಷಕಿಯರು