ತುರುಗಾಳಗದ ಆಟಕ್ಕೆ ಒಬ್ಬ ಕನ್ನಡ ಪ್ರಕಾಶಕರು ಬೇಕು

ಮಾನ್ಯ ಸಂಪಾದಕರೇ,

ಹೊಲದ ಬದುವಲ್ಲಿ, ಕೆರೆ ಏರಿ ಮೇಲೆ ಸಿಕ್ಕ ವೀರಗಲ್ಲುಗಳ ಬಗ್ಗೆ ನಿಮ್ಮ ಪತ್ರಿಕೇಲಿ ಆಗಾಗ ಫೋಟೋ ಸಮೇತ ಸುದ್ದಿ ಬರ್ತಾ ಇರುತ್ತೆ, ಓದಿದಾಗೆಲ್ಲ ಬರೀಬೇಕು ಅಂದ್ಕೊಂಡು ಸುಮ್ನಾಗ್ತಿದ್ದೆ, ಈ ಸಲ ಬರೀತಿದೀನಿ. ನಾನು ಸೊರಬ ಕಡೆಯವನು. ಮೂರು ವರ್ಷದಿಂದ ರಜಾ ದಿನ, ರಾತ್ರಿ ಅಂತ ನೋಡ್ದೆ ಒಂದು ಆಟ ಮಾಡ್ತಿದೀನಿ. ಮೊಬೈಲ್ ಗೇಮ್ ಅಲ್ಲ, ಮೇಜಿನ ಮೇಲೆ ಎದುರುಬದುರು ಕೂತು ಆಡೋದು. ಎರಡು ಊರಿನ ಪಡೆ, ಒಂದೊಂದ್ರಲ್ಲಿ ಹನ್ನೆರಡು ಆಳು, ಮಧ್ಯೆ ಆರು ಹಸು, ಎರಡು ದಾಳ, ಅಳತೆಗೆ ಆರಿಂಚಿನ ಒಂದು ಕಡ್ಡಿ. ಒಬ್ರು ದನ ಹೊಡ್ಕೊಂಡು ಹೋಗಕ್ಕೆ ಬಂದೋರು, ಇನ್ನೊಬ್ರು ಬಿಡಿಸ್ಕೊಳ್ಳೋರು. ತುರು ಅಂದ್ರೆ ದನ, ಶಾಸನಗಳಲ್ಲಿ ತುರುಗೊಳ್ ಅಂತ ಬರುತ್ತಲ್ಲ, ಅದೇ.

ಇಂಗ್ಲಿಷಲ್ಲಿ ಇದನ್ನ ಸ್ಕರ್ಮಿಶ್ ವಾರ್‌ಗೇಮ್ ಅಂತಾರೆ. ದೊಡ್ಡ ಯುದ್ಧದ ಆಟದಲ್ಲಿ ಒಂದು ಗೊಂಬೆ ಅಂದ್ರೆ ಇಪ್ಪತ್ತು ಸೈನಿಕರ ಲೆಕ್ಕ ಹಿಡೀತಾರೆ, ಇದ್ರಲ್ಲಿ ಒಂದು ಗೊಂಬೆಗೆ ಒಬ್ನೇ ಆಳು. 1971ರಲ್ಲಿ ಅಮೆರಿಕಾದಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತೆ ಜೆಫ್ ಪೆರನ್ ಅನ್ನೋ ಹವ್ಯಾಸಿಗಳು ಯುರೋಪಿನ ಮಧ್ಯಯುಗದ ಕಾಳಗಕ್ಕೆ ಚೈನ್‌ಮೇಲ್ ಅಂತ ಒಂದು ತೆಳು ರೂಲ್‌ಬುಕ್ ತಂದ್ರು, ಅದ್ರಲ್ಲಿ ಆಳಿಗೆ ಆಳು ಎದುರು ನಿಂತು ಹೊಡೆದಾಡೋ ನಿಯಮಾನೂ ಇತ್ತು, 1974ರಲ್ಲಿ ಬಂದ ಡಂಜನ್ಸ್ ಅಂಡ್ ಡ್ರಾಗನ್ಸ್ ಅನ್ನೋ, ಒಬ್ಬೊಬ್ರು ಒಂದೊಂದು ಪಾತ್ರ ಆಗಿ ಆಡೋ ಹೆಸರಾಂತ ಆಟ ಹುಟ್ಟಿದ್ದೂ ಅದೇ ಬೇರಿಂದ. ಇವತ್ತು ಇಂಗ್ಲೆಂಡ್-ಸ್ಕಾಟ್ಲೆಂಡ್ ಗಡೀಲಿ ದನ ಕದೀತಿದ್ದವರ ಮೇಲೂ ಇಂಥ ಆಟ ಇದೆ. ಅದನ್ನ ನೋಡಿದಾಗ್ಲೇ ನಂಗೆ ಅನ್ಸಿದ್ದು, ನಮ್ಮ ತಾಲ್ಲೂಕಲ್ಲಿ ಊರಿಗೊಂದು ಕಲ್ಲು ನಿಲ್ಸಿ ಇದೇ ಕಥೆ ಕೆತ್ತಿದಾರಲ್ಲ, ನಾವ್ಯಾಕೆ ಮಾಡ್ಬಾರ್ದು ಅಂತ.

ವೀರಗಲ್ಲನ್ನ ಆಟ ಮಾಡೋನ ಕಣ್ಣಲ್ಲಿ ಒಂದ್ಸಲ ನೋಡಿ. ಕೆಳಗಿನ ಪಟ್ಟಿಕೇಲಿ ಕಾಳಗ, ಎಷ್ಟೋ ಕಡೆ ವೀರನ ಹಿಂದೆ ಹಸುಗಳ ಸಾಲು. ಯಾರ ಕೈಯಲ್ಲಿ ಬಿಲ್ಲು, ಯಾರ ಕೈಯಲ್ಲಿ ಕತ್ತಿ-ಗುರಾಣಿ ಎಲ್ಲಾ ಅಲ್ಲೇ ಇದೆ. ಬೇಗೂರಿನ ಶಾಸನದಲ್ಲಿ ಸುಮಾರು 900ರ ಹೊತ್ತಿಗೇ ಬೆಂಗಳೂರು ಕಾಳಗ ಅಂತ ಬರುತ್ತೆ. 2018ರಲ್ಲಿ ಹೆಬ್ಬಾಳದಲ್ಲಿ ಸಿಕ್ಕ ಕಿತ್ತಯ್ಯ ಅನ್ನೋ ವೀರನ ಕಲ್ಲು ಸುಮಾರು 750ರದ್ದು. ಆತಕೂರಿನ ಕಲ್ಲಂತೂ ಸುಮಾರು 950ರದ್ದು, ರಾಷ್ಟ್ರಕೂಟರಿಗೂ ಚೋಳರಿಗೂ ನಡೆದ ತಕ್ಕೋಲದ ಯುದ್ಧದಲ್ಲಿ ಶೌರ್ಯ ತೋರಿಸಿದ ಮಣಲೇರ ಅನ್ನೋ ವೀರ ಬಹುಮಾನವಾಗಿ ಕೇಳಿದ್ದು ಕಾಳಿ ಅನ್ನೋ ನಾಯೀನ, ಆ ನಾಯಿ ಹಂದಿ ಜೊತೆ ಹೋರಾಡಿ ಸತ್ತಾಗ ಅದಕ್ಕೂ ಕಲ್ಲು ನಿಲ್ಸಿದ್ರು. ನಮ್ಮ ಆಟದಲ್ಲಿ ಪ್ರತಿ ಪಡೆಗೂ ಒಂದು ನಾಯಿ ಇದೆ ಅಂದ್ರೆ ಅದಕ್ಕೆ ಕಾರಣ ಈ ಕಾಳಿ.

ನಿಜವಾದ ಕಷ್ಟ ಬಂದಿದ್ದು ಗೆಲುವು-ಸೋಲಿನ ಲೆಕ್ಕದಲ್ಲಿ. ಹೊರದೇಶದ ಇಂಥ ಎಷ್ಟೋ ಆಟಗಳಲ್ಲಿ ಆಳು ಸತ್ರೆ ಎದುರಿನವರಿಗೆ ಪಾಯಿಂಟ್. ನಾನೂ ಮೊದ್ಲು ಹಂಗೇ ಬರ್ದಿದ್ದೆ, ಆಡಿದವರೆಲ್ಲ ಆಳುಗಳನ್ನ ಹಿಂದೆ ಇಟ್ಕೊಂಡು ದೂರದಿಂದ ಬಾಣ ಬಿಡ್ತಾ ಕೂತ್ರು, ಹಸು ಕಡೆ ಯಾರೂ ಹೋಗ್ಲಿಲ್ಲ. ಕಲ್ಲು ಹೇಳೋದು ಬೇರೆ. ತುರುವನ್ನ ಮರಳಿಸಿ ಸತ್ತವನು ಸೋತವನಲ್ಲ, ಮಧ್ಯದ ಪಟ್ಟಿಕೇಲಿ ಅಪ್ಸರೆಯರು ಅವನನ್ನ ಮೇಲಕ್ಕೆ ಕರ್ಕೊಂಡು ಹೋಗ್ತಾರೆ, ಊರವರು ಅವನ ಮನೆಯವರಿಗೆ ನೆತ್ತರುಗೊಡಗೆ ಅಂತ ಭೂಮಿ ಕೊಡ್ತಾರೆ. ಅದನ್ನೇ ನಿಯಮ ಮಾಡ್ದೆ. ಹಸು ತಿರುಗಿಸಿದ ಮೇಲೆ ಆಳು ಬಿದ್ರೆ ಆ ಊರಿಗೆ ಒಂದು ಕಲ್ಲು, ಮುಂದಿನ ಆಟದಲ್ಲಿ ಅವನ ತಮ್ಮನೋ ಮಗನೋ ಒಂದು ಕೆಚ್ಚು ಜಾಸ್ತಿ ಇಟ್ಕೊಂಡು ಬರ್ತಾನೆ. (ಮೊರಾಲ್ ಅನ್ನೋದಕ್ಕೆ ಕೆಚ್ಚು ಅನ್ನೋ ಪದ ಇಟ್ಟಿದೀನಿ, ಇದಕ್ಕಿಂತ ಒಳ್ಳೇದು ನಂಗೆ ಸಿಗ್ಲಿಲ್ಲ.) ಅವತ್ತಿಂದ ಆಟದ ರೀತೀನೇ ಬದಲಾಯ್ತು, ಹುಡುಗ್ರು ಮುನ್ನುಗ್ಗಕ್ಕೆ ಶುರು ಮಾಡಿದ್ರು.

ದಾಳದ ಲೆಕ್ಕಾನೂ ಸುಲಭ ಇರ್ಲಿಲ್ಲ. ಎರಡು ದಾಳ ಹಾಕಿ ಏಳು ಅಥವಾ ಜಾಸ್ತಿ ಬಂದ್ರೆ ಏಟು ಬಿತ್ತು ಅಂತ, ಅಂದ್ರೆ 36ರಲ್ಲಿ 21 ಸಲ. ಎತ್ತರದಲ್ಲಿ ನಿಂತವನಿಗೆ ಎರಡು ಸೇರಿಸ್ಕೋ ಅಂತ ಬರ್ದಿದ್ದೆ, ಅದು 36ಕ್ಕೆ 30 ಆಗೋಯ್ತು, ದಿಬ್ಬ ಹಿಡಿದವರೇ ಪ್ರತಿ ಸಲ ಗೆದ್ರು. ಒಂದಕ್ಕೆ ಇಳಿಸಿದ್ಮೇಲೆ 26, ಈಗ ದಿಬ್ಬದಿಂದ ಅನುಕೂಲ ಇದೆ ಆದ್ರೆ ಅದೊಂದ್ರಿಂದ್ಲೇ ಗೆಲ್ಲಕ್ಕಾಗಲ್ಲ. ಹಸುಗಳ ನಿಯಮ ಮಾತ್ರ ನಮ್ಮಮ್ಮ ಹೇಳಿದ್ದು. ಸಂಜೆ ಆದ್ರೆ ದನ ತಾನಾಗೇ ಕೊಟ್ಟಿಗೆ ದಾರಿ ಹಿಡಿಯುತ್ತೆ ಕಣೋ, ಗಂಟೆ ಕಟ್ಟಿದ ಹಸೂನ ಹಿಡಿದ್ರೆ ಮಿಕ್ಕವು ಹಿಂದೆ ಬರ್ತವೆ ಅಂದ್ರು. ಹಂಗಾಗಿ ಆರನೇ ಸರದಿ ಮುಗಿದ್ರೆ ಸಂಜೆ, ಯಾರೂ ಹಿಡೀದೇ ಇರೋ ಹಸು ಪ್ರತಿ ಸರದೀಲೂ ಊರ ಕಡೆ ಒಂದು ಕಡ್ಡಿಯಷ್ಟು ನಡೆಯುತ್ತೆ, ದಾಳಿ ಮಾಡಿದವನಿಗೆ ಅಲ್ಲಿಂದ ನಿಜವಾದ ಗಾಬರಿ ಶುರು. ಮೊದ್ಲು ಮೂರು ಗಂಟೆ ಹಿಡೀತಿದ್ದ ಆಟ ಈಗ ಐವತ್ತು ನಿಮಿಷಕ್ಕೆ ಮುಗಿಯುತ್ತೆ.

ಗೊಂಬೆಗೆ ಚನ್ನಪಟ್ಟಣದ ಆಲೆಮರ ಪ್ರಯತ್ನ ಮಾಡ್ದೆ, ಅರಗಿನ ಬಣ್ಣ ಚೆನ್ನಾಗೇ ಬಂತು, ಆದ್ರೆ ತಿರುಗಣೀಲಿ ತೆಗೆದ ಗೊಂಬೆ ಗುಂಡಗೇ ಬರೋದು, ಬಿಲ್ಲು ಹಿಡಿದ ಕೈ ತೋರಿಸಕ್ಕಾಗಲ್ಲ. ಈಗ ದಪ್ಪ ಕಾರ್ಡಲ್ಲಿ ಚಿತ್ರ ಪ್ರಿಂಟ್ ಮಾಡಿ ನಿಲ್ಸಿದೀನಿ. ಬೆಂಗಳೂರಿನ ಮಿಥಿಕ್ ಸೊಸೈಟಿ ಅನ್ನೋ ಇತಿಹಾಸ ಸಂಶೋಧನಾ ಸಂಸ್ಥೆಯವರು ಆ ಸುತ್ತಿನ ಶಾಸನದ ಕಲ್ಲುಗಳನ್ನ ತ್ರೀಡಿ ಸ್ಕ್ಯಾನ್ ಮಾಡಿ ಎಲ್ರಿಗೂ ಸಿಗೋ ಹಾಗೆ ಇಟ್ಟಿದಾರೆ, ಅಂಥ ಕೆಲಸ ಮಲೆನಾಡಿನ ಕಲ್ಲುಗಳಿಗೂ ಆದ್ರೆ ವೇಷ, ಆಯುಧ ಎಲ್ಲಾ ಕಲ್ಲಲ್ಲಿ ಇದ್ದಂಗೇ ಬಿಡಿಸಬಹುದು.

ಇನ್ನು ಪ್ರಕಟಣೆ. ನಾನು ಹೋದ ಒಂದು ಪ್ರಕಾಶನದವರು ಹಸ್ತಪ್ರತಿ ತಿರುವಿ, ಇದು ಪುಸ್ತಕಾನಾ ಆಟಿಕೇನಾ ಅಂತ ಕೇಳಿದ್ರು, ಆಟಿಕೆ ಅಂಗಡಿಯವರು ಇದು ಪುಸ್ತಕ ಅಲ್ವಾ ಅಂದ್ರು. ರೂಲ್‌ಬುಕ್ 48 ಪುಟ, ಅಂದ್ರೆ ಪ್ರೆಸ್ಸಿನವರ ಲೆಕ್ಕದಲ್ಲಿ ಹದಿನಾರು ಪುಟದ ಬರೀ ಮೂರು ಫಾರಂ, ಒಂದು ಸಣ್ಣ ಕವನ ಸಂಕಲನದಷ್ಟೇ ಖರ್ಚು. ಐಎಸ್‌ಬಿಎನ್ ಅನ್ನೋ ಪುಸ್ತಕದ ಗುರುತಿನ ಸಂಖ್ಯೆ ಉಚಿತವಾಗಿ ಸಿಗುತ್ತೆ, ಪುಸ್ತಕಕ್ಕೆ ಜಿಎಸ್‌ಟಿ ಇಲ್ಲ. ಡಬ್ಬ ಮಾಡಿದ್ರೆ ತೆರಿಗೆ, ಕಾರ್ಡ್ ಕತ್ತರಿಸಕ್ಕೆ ಡೈ ಅನ್ನೋ ಅಚ್ಚು, ಡೈ ಖರ್ಚು ಗಿಟ್ಟಬೇಕು ಅಂದ್ರೆ ಸಾವಿರಗಟ್ಲೆ ಪ್ರತಿ, ಅದು ನನ್ನಂಥವನ ಕೈಲಾಗೋದಲ್ಲ. ಅದಕ್ಕೇ ನಾನು ಕೇಳೋದು ಇಷ್ಟು, ಡಬ್ಬ ಬೇಡ, ಪುಸ್ತಕವಾಗೇ ತನ್ನಿ, ಹಿಂದಿನ ಪುಟಗಳಲ್ಲಿ ಕತ್ತರಿಸ್ಕೊಳ್ಳೋ ಗೊಂಬೆಗಳಿರ್ಲಿ, ದಾಳ ಹೆಂಗಿದ್ರೂ ಲೂಡೋ ಡಬ್ಬದಲ್ಲಿ ಎಲ್ರ ಮನೇಲೂ ಇರುತ್ತೆ. ಗ್ರಂಥಾಲಯಕ್ಕೆ ಕನ್ನಡ ಪುಸ್ತಕ ಸಗಟು ಖರೀದಿ ಮಾಡುವಾಗ ಇಂಥ ಆಟದ ಪುಸ್ತಕಗಳನ್ನೂ ದಯವಿಟ್ಟು ಪುಸ್ತಕ ಅಂತ್ಲೇ ಪರಿಗಣಿಸಲಿ. ಮಕ್ಕಳು ನಮ್ಮ ಕಲ್ಲುಗಳ ಕಥೇನ ಕೈಯಲ್ಲಿ ಹಿಡ್ಕೊಂಡು ಆಡೋದನ್ನ ನಾನು ಕಣ್ಣಾರೆ ನೋಡಿದೀನಿ, ಆಟ ಮುಗಿದ ಮಾರನೇ ದಿನ ಇಬ್ರು ಹುಡುಗ್ರು ಊರಾಚೆ ಕಲ್ಲಿನ ಮೇಲೆ ಬೆಳೆದಿದ್ದ ಮುಳ್ಳು ಕಿತ್ತು ಹಸು ಎಷ್ಟಿದೆ ಅಂತ ಎಣಿಸ್ಕೊಂಡು ಬಂದು ಹೇಳಿದ್ರು, ಐದು ಅಂತೆ.

ಕೈಯಲ್ಲೇ ಮಾಡಿದ ಎಂಟು ಸೆಟ್ ನನ್ನ ಹತ್ರ ಇದಾವೆ. ಶಿವಮೊಗ್ಗ ಜಿಲ್ಲೆಯ ಯಾವುದೇ ಶಾಲೆ, ಲೈಬ್ರರಿ, ಪ್ರಕಾಶಕರು ಪತ್ರಿಕೆ ಮೂಲಕ ಕೇಳಿದ್ರೆ ಒಂದು ಸೆಟ್ ನಾನೇ ತಂದು, ಕೂತು ಆಡಿಸಿ ತೋರಿಸ್ತೀನಿ.

ಇಂತಿ,
ನಿಮ್ಮ ಓದುಗ, ಸೊರಬ