ಫಾಸ್ಫರಸ್ ಇಳಿಸುವ ಮಾತ್ರೆಯನ್ನು ಯಾವಾಗ ತೆಗೆದುಕೊಳ್ಳಬೇಕೆಂದು ಚೀಟಿಯಲ್ಲೇ ಬರೆಯಿರಿ

ಮಾನ್ಯ ಸಂಪಾದಕರೇ,

ಡಯಾಲಿಸಿಸ್ ರೋಗಿಗಳ ರಕ್ತದಲ್ಲಿ ಫಾಸ್ಫರಸ್ ಏರಿದರೆ ಸಿಗುವ ಸಲಹೆ ಹೆಚ್ಚಾಗಿ ‘ಹಾಲು, ಬೇಳೆ, ಮಾಂಸ ಬಿಡಿ’ ಎನ್ನುವಲ್ಲಿಗೆ ಮುಗಿಯುತ್ತದೆ. ಅದನ್ನು ತಗ್ಗಿಸಲು ಕೊಟ್ಟ ಮಾತ್ರೆಯನ್ನು ಯಾವ ಹೊತ್ತಿಗೆ, ಹೇಗೆ ತೆಗೆದುಕೊಳ್ಳುತ್ತಿದ್ದಾರೆ ಎಂದು ವಿಚಾರಿಸುವವರು ಕಡಿಮೆ. ಅಂಕೆ ಇಳಿಯದಿರಲು ಕಾರಣ ಎಷ್ಟೋ ಸಲ ಅಲ್ಲೇ ಇರುತ್ತದೆ.

ಕ್ಯಾಲ್ಸಿಯಂ ಅಸಿಟೇಟ್, ಸೆವೆಲಮರ್, ಲ್ಯಾಂಥನಮ್ ಮುಂತಾದ ಬೈಂಡರ್ ಮಾತ್ರೆಗಳು ಆಹಾರದಲ್ಲಿರುವ ಫಾಸ್ಫರಸ್ಸನ್ನು ಜಠರ, ಕರುಳಿನಲ್ಲೇ ಹಿಡಿದು ಮಲದ ಜೊತೆ ಹೊರಹಾಕುತ್ತವೆ. ಹೊಟ್ಟೆಯಲ್ಲಿ ಆಹಾರವೇ ಇಲ್ಲದಿದ್ದರೆ ಅವಕ್ಕೆ ಹಿಡಿಯಲು ಏನೂ ಸಿಗುವುದಿಲ್ಲ. ಖಾಲಿ ಹೊಟ್ಟೆಯಲ್ಲಿ ನುಂಗಿದ ಕ್ಯಾಲ್ಸಿಯಂ ಮಾತ್ರೆಯಂತೂ ಕೆಡುಕನ್ನೇ ಮಾಡೀತು. ಫಾಸ್ಫರಸ್ ಇದ್ದಲ್ಲೇ ಇರುತ್ತದೆ, ಕ್ಯಾಲ್ಸಿಯಂ ಮಾತ್ರ ರಕ್ತ ಸೇರಿ ರಕ್ತನಾಳಗಳಲ್ಲಿ ಸುಣ್ಣ ಕಟ್ಟುವ ಅಪಾಯ ಹೆಚ್ಚುತ್ತದೆ. ಆದ್ದರಿಂದ ಚೀಟಿಯಲ್ಲಿ ‘ದಿನಕ್ಕೆ ಮೂರು’ ಎಂದಷ್ಟೇ ಬರೆದರೆ ಸಾಲದು. ‘ಊಟ ಮಾಡುತ್ತಿರುವಾಗಲೇ, ದೊಡ್ಡ ಊಟಕ್ಕೆ ಎರಡು, ಸಣ್ಣದಕ್ಕೆ ಒಂದು’ ಎಂಬಂತೆ ಬಿಡಿಸಿ ಬರೆಯಬೇಕು. ಲ್ಯಾಂಥನಮ್ ಮಾತ್ರೆಯನ್ನು ಚೆನ್ನಾಗಿ ಅಗಿಯಬೇಕು, ಇಡಿಯಾಗಿ ನುಂಗಬಾರದು. ಸೆವೆಲಮರ್ ಇದಕ್ಕೆ ತದ್ವಿರುದ್ಧ: ನೀರು ತಾಗಿದರೆ ಉಬ್ಬುವುದರಿಂದ ಆ ಮಾತ್ರೆಯನ್ನು ಅಗಿಯದೆ, ಪುಡಿ ಮಾಡದೆ ನುಂಗಬೇಕು. ಥೈರಾಯ್ಡ್ ಮಾತ್ರೆಯನ್ನೂ ಸಿಪ್ರೊಫ್ಲಾಕ್ಸಾಸಿನ್‌ನಂಥ ಆಂಟಿಬಯೋಟಿಕ್‌ಗಳನ್ನೂ ಬೈಂಡರ್ ಹಿಡಿದಿಟ್ಟುಕೊಳ್ಳುವುದರಿಂದ ಅವುಗಳ ನಡುವೆ ಕೆಲವು ಗಂಟೆಗಳ ಅಂತರ ಬೇಕು.

ಡಯಾಲಿಸಿಸ್ ಆಗುತ್ತಿದ್ದರೂ ಮಾತ್ರೆ ಏಕೆ ಎಂಬ ಪ್ರಶ್ನೆಗೆ ಲೆಕ್ಕವೇ ಉತ್ತರ. ದಿನಕ್ಕೆ 1000 ಮಿ.ಗ್ರಾಂ. ಫಾಸ್ಫರಸ್ ತಿಂದರೆ ಸುಮಾರು 600 ಮಿ.ಗ್ರಾಂ. ರಕ್ತ ಸೇರುತ್ತದೆ, ವಾರಕ್ಕೆ 4200. ನಾಲ್ಕು ಗಂಟೆಯ ಒಂದು ಡಯಾಲಿಸಿಸ್ ಸುಮಾರು 800 ತೆಗೆಯುತ್ತದೆ. ವಾರಕ್ಕೆ ಮೂರಾದರೆ 2400. ಉಳಿದ 1800 ಅಂದರೆ ದಿನಕ್ಕೆ ಹೆಚ್ಚುಕಡಿಮೆ 250. 667 ಮಿ.ಗ್ರಾಂ.ನ ಒಂದು ಕ್ಯಾಲ್ಸಿಯಂ ಅಸಿಟೇಟ್ ಮಾತ್ರೆ ಹಿಡಿಯುವುದು ಸುಮಾರು 30 ಮಾತ್ರ. ಬರೀ ಮಾತ್ರೆಯಿಂದಲೇ ಸರಿದೂಗಿಸಲು ಹೊರಟರೆ ದಿನಕ್ಕೆ ಎಂಟೊಂಬತ್ತು ಬೇಕಾಗುತ್ತವೆ, ಆಗ ಕ್ಯಾಲ್ಸಿಯಂ ಅತಿಯಾಗುತ್ತದೆ. ಡಯಾಲಿಸಿಸ್ ಅವಧಿ ಹೆಚ್ಚಿಸಿದರೆ ಅನುಕೂಲವಿದೆ. ಫಾಸ್ಫರಸ್ಸಿನ ಬಹುಪಾಲು ಜೀವಕೋಶ, ಮೂಳೆಗಳಲ್ಲಿದ್ದು ರಕ್ತಕ್ಕೆ ನಿಧಾನವಾಗಿ ಬರುವುದರಿಂದ ಯಂತ್ರದ ವೇಗಕ್ಕಿಂತ ಸಮಯವೇ ಹೆಚ್ಚು ಕೆಲಸ ಮಾಡುತ್ತದೆ. ಅರ್ಧ ಗಂಟೆ ಮೊದಲೇ ಬಿಡಿಸಿಕೊಂಡು ಹೋಗುವವರಿಗೆ ಇದನ್ನು ತಿಳಿಸಿ ಹೇಳಬೇಕು.

ಇನ್ನು ಆಹಾರ. ಪ್ರೋಟೀನ್ ಕಡಿತ ಮಾಡುವುದು ಅಪಾಯದ ದಾರಿ. ಡಯಾಲಿಸಿಸ್‌ನಲ್ಲಿರುವವರಿಗೆ ದೇಹತೂಕದ ಪ್ರತಿ ಕಿಲೋಗೆ ದಿನಕ್ಕೆ 1ರಿಂದ 1.2 ಗ್ರಾಂ. ಪ್ರೋಟೀನ್ ಬೇಕು. ಫಾಸ್ಫರಸ್‌ಗೆ ಹೆದರಿ ಅದನ್ನೂ ಬಿಟ್ಟರೆ ಸ್ನಾಯು ಕರಗುತ್ತದೆ. ಆಯ್ಕೆ ಬದಲಿಸಿದರೆ ಸಾಕು: ಒಂದು ಮೊಟ್ಟೆಯ ಬಿಳಿಯಲ್ಲಿ ಮೂರೂವರೆ ಗ್ರಾಂ. ಪ್ರೋಟೀನ್‌ಗೆ ಫಾಸ್ಫರಸ್ ಸುಮಾರು 5 ಮಿ.ಗ್ರಾಂ. ಮಾತ್ರ, ಹಳದಿಯಲ್ಲಿ 60ಕ್ಕೂ ಮೇಲೆ. ಕಾಳು, ಧಾನ್ಯಗಳ ಫಾಸ್ಫರಸ್ ನಮ್ಮ ಕರುಳು ಸುಲಭವಾಗಿ ಒಡೆಯಲಾರದ ಫೈಟೇಟ್ ರೂಪದಲ್ಲಿರುವುದರಿಂದ ಅರ್ಧದಷ್ಟೂ ಜೀರ್ಣವಾಗದೆ ಹೋಗಬಹುದು. ಸಂಸ್ಕರಿಸಿದ ಮಾಂಸ, ಚೀಸ್, ಕೋಲಾ, ಪ್ಯಾಕೆಟ್ ತಿನಿಸುಗಳಿಗೆ ಬೆರೆಸುವ ಫಾಸ್ಫೇಟ್ ಹಾಗಲ್ಲ, ಹೆಚ್ಚುಕಡಿಮೆ ಪೂರ್ತಿ ರಕ್ತ ಸೇರುತ್ತದೆ. ಮೊದಲು ಕೈಬಿಡಬೇಕಾದ್ದು ಇವನ್ನು, ಬೇಳೆಯನ್ನಲ್ಲ. ಪ್ಯಾಕೆಟ್ ಹಿಂದೆ ಪದಾರ್ಥಗಳ ಪಟ್ಟಿಯಲ್ಲಿ 338ರಿಂದ 341, 450ರಿಂದ 452 ಈ ಸಂಖ್ಯೆಗಳನ್ನು ಹುಡುಕಿ, ಅವು ಬೆರೆಸಿದ ಫಾಸ್ಫೇಟ್‌ನ ಸಂಕೇತಗಳು.

ರಕ್ತಪರೀಕ್ಷೆಯಲ್ಲೂ ಎಡವಟ್ಟಾಗುತ್ತದೆ. ಡಯಾಲಿಸಿಸ್ ಮುಗಿದೊಡನೆ ತೆಗೆದ ರಕ್ತದಲ್ಲಿ ಅಂಕೆ ಸುಳ್ಳುಸುಳ್ಳೇ ಚೆನ್ನಾಗಿ ಕಾಣುತ್ತದೆ, ಕೆಲವೇ ಗಂಟೆಗಳಲ್ಲಿ ಮತ್ತೆ ಏರುತ್ತದೆ. ರಕ್ತವನ್ನು ಡಯಾಲಿಸಿಸ್‌ಗೆ ಮೊದಲೇ, ಪ್ರತಿ ಸಲವೂ ವಾರದ ಅದೇ ಸರದಿಯಲ್ಲಿ ತೆಗೆಯಬೇಕು. ಅಂಕೆ ಏರಿದ್ದರೆ ಪ್ಯಾರಾಥೈರಾಯ್ಡ್ ಹಾರ್ಮೋನ್ (ಕ್ಯಾಲ್ಸಿಯಂ, ಫಾಸ್ಫರಸ್ ಮಟ್ಟ ನಿಯಂತ್ರಿಸುವ ಹಾರ್ಮೋನ್), ಕ್ಯಾಲ್ಸಿಯಂ ಮಟ್ಟಗಳನ್ನೂ ಜೊತೆಗಿಟ್ಟು ನೋಡಬೇಕು. ಕ್ಯಾಲ್ಸಿಟ್ರಿಯಾಲ್ (ವಿಟಮಿನ್ ಡಿಯ ಸಕ್ರಿಯ ರೂಪ) ಮಾತ್ರೆ ನಡೆಯುತ್ತಿದ್ದರೆ ಅದೂ ಕರುಳಿನಿಂದ ಫಾಸ್ಫರಸ್ ಹೀರುವುದನ್ನು ಹೆಚ್ಚಿಸುತ್ತದೆ ಎಂಬುದು ವೈದ್ಯರ ಗಮನದಲ್ಲಿರಲಿ.

ಆಸ್ಪತ್ರೆಗಳಲ್ಲಿ ನಮ್ಮ ವಿನಂತಿ ಇಷ್ಟು: ಬೈಂಡರ್ ಪ್ರಮಾಣ ಹೆಚ್ಚಿಸುವ ಮೊದಲು ರೋಗಿಯ ಹಿಂದಿನ ದಿನದ ಊಟ, ತಿಂಡಿಗಳನ್ನು ಒಂದೊಂದಾಗಿ ಕೇಳಿ, ಪ್ರತಿಯೊಂದರ ಜೊತೆಗೆ ಎಷ್ಟು ಮಾತ್ರೆ ತೆಗೆದುಕೊಂಡರು ಎಂದು ಬರೆದುಕೊಳ್ಳಿ.

ಇಂತಿ,
ಡಯಾಲಿಸಿಸ್ ವಿಭಾಗದ ಆಹಾರತಜ್ಞರು