ಸಿಆರ್‌ಪಿ ಕಡಿಮೆ ಎಂದು ಆ್ಯಂಟಿಬಯೋಟಿಕ್ ತಡವಾಗದಿರಲಿ

ಮಾನ್ಯ ಸಂಪಾದಕರೇ,

ಕೀಮೋಥೆರಪಿ ಪಡೆಯುತ್ತಿರುವ ಮಕ್ಕಳ ತಂದೆತಾಯಂದಿರಲ್ಲಿ ಒಂದು ನಂಬಿಕೆಯಿದೆ: ಜ್ವರ ಬಂದಾಗ ರಕ್ತದ ಸಿಆರ್‌ಪಿ (ದೇಹದಲ್ಲಿ ಉರಿಯೂತವಿದ್ದಾಗ ಏರುವ ಸಿ-ರಿಯಾಕ್ಟಿವ್ ಪ್ರೋಟೀನ್) ಕಡಿಮೆ ಇದ್ದರೆ ಸೋಂಕಿಲ್ಲ, ಕಾದು ನೋಡಬಹುದು. ರಕ್ತದ ಕ್ಯಾನ್ಸರ್‌ಗೆ ಚಿಕಿತ್ಸೆ ಪಡೆದ ಮಗುವಿನ ತಾಯಿಯಾದ ನಾನೂ ಒಮ್ಮೆ ಹಾಗೆಯೇ ನಂಬಿದ್ದೆ. ಸಂಜೆ ಜ್ವರ ಕಾಣಿಸಿಕೊಂಡ ಕೂಡಲೇ ಮಾಡಿಸಿದ ಪರೀಕ್ಷೆಯಲ್ಲಿ ಆ ಅಂಕಿ ಸಹಜ ಮಿತಿಯೊಳಗೇ ಇದ್ದುದರಿಂದ ಮಗುವನ್ನು ಮನೆಗೆ ಕರೆದೊಯ್ಯಲು ಸಿದ್ಧಳಾಗಿದ್ದೆ. ಕರ್ತವ್ಯದಲ್ಲಿದ್ದ ವೈದ್ಯರು ಅದಕ್ಕೆ ಒಪ್ಪದೆ ಆಗಲೇ ಆ್ಯಂಟಿಬಯೋಟಿಕ್ ಆರಂಭಿಸಿದರು. ಮರುದಿನದ ಹೊತ್ತಿಗೆ ಅದೇ ಸಿಆರ್‌ಪಿ ಹಲವು ಪಟ್ಟು ಏರಿತ್ತು. ರಕ್ತದ ಕಲ್ಚರ್‌ನಲ್ಲಿ, ಅಂದರೆ ರೋಗಾಣು ಬೆಳೆಯುತ್ತದೆಯೇ ಎಂದು ನೋಡುವ ಪರೀಕ್ಷೆಯಲ್ಲಿ, ಬ್ಯಾಕ್ಟೀರಿಯಾ ಬೆಳೆದಿತ್ತು.

ಆ ಪರೀಕ್ಷೆಯಲ್ಲಿ ತಪ್ಪೇನೂ ಇರಲಿಲ್ಲ, ಅದನ್ನು ಮಾಡಿದ ಹೊತ್ತು ಮಾತ್ರ ತೀರಾ ಬೇಗನೆಯದಾಗಿತ್ತು. ಸಿಆರ್‌ಪಿ ಎಂಬ ಪ್ರೋಟೀನನ್ನು ತಯಾರಿಸುವುದು ಯಕೃತ್ತು. ಸೋಂಕಿನ ಸುದ್ದಿ ಅಲ್ಲಿಗೆ ಮುಟ್ಟಿ, ರಕ್ತದಲ್ಲಿ ಅದರ ಪ್ರಮಾಣ ಏರತೊಡಗಲು ಸುಮಾರು 6ರಿಂದ 12 ತಾಸು ಬೇಕು, ತುದಿ ಮುಟ್ಟಲು ಎರಡು ದಿನವೇ ಹಿಡಿಯಬಹುದು. ಸೋಂಕಿನ ಸುಳಿವಿಗಾಗಿ ರಕ್ತದಲ್ಲಿ ಅಳೆಯುವ ಇನ್ನೊಂದು ಅಂಶವಾದ ಪ್ರೊಕ್ಯಾಲ್ಸಿಟೋನಿನ್ ಇದಕ್ಕಿಂತ ಚುರುಕು. ಅದು ಕೆಲವೇ ತಾಸುಗಳಲ್ಲಿ ಏರುತ್ತದೆ, ವೈರಸ್ ಜ್ವರಗಳಲ್ಲಿ ಸಾಮಾನ್ಯವಾಗಿ ಅಷ್ಟಾಗಿ ಏರುವುದಿಲ್ಲ, ಮತ್ತು ಬಿಳಿ ರಕ್ತಕಣಗಳು ತೀರಾ ಕುಸಿದಿರುವಾಗಲೂ ಹೆಚ್ಚಬಲ್ಲದು. ಆದರೂ ಅದನ್ನೊಂದನ್ನೇ ನೆಚ್ಚುವಂತಿಲ್ಲ. ಒಂದೆಡೆ ನೆಲೆಯೂರಿದ ಶಿಲೀಂಧ್ರ ಸೋಂಕಿನಲ್ಲಿ ಅದು ಸುಮ್ಮನಿರಬಹುದು. ಇತ್ತ ಸಿಆರ್‌ಪಿ, ಯಾವ ಸೋಂಕೂ ಇಲ್ಲದೆ, ಕೀಮೋಥೆರಪಿಯಿಂದಾದ ಬಾಯಿಹುಣ್ಣಿಗೋ ಶಸ್ತ್ರಚಿಕಿತ್ಸೆಗೋ ಗಡ್ಡೆಯ ಕಾರಣಕ್ಕೋ ಏರಿಬಿಡಬಹುದು.

ಕೀಮೋಥೆರಪಿಯಿಂದಾಗಿ ನ್ಯೂಟ್ರೋಫಿಲ್ ಕಣಗಳು (ಬ್ಯಾಕ್ಟೀರಿಯಾಗಳೊಡನೆ ಹೋರಾಡುವ ಬಿಳಿ ರಕ್ತಕಣಗಳು) ಒಂದು ಮೈಕ್ರೋಲೀಟರ್ ರಕ್ತದಲ್ಲಿ 500ಕ್ಕಿಂತ ಕೆಳಗಿಳಿದ ಮಗುವಿನಲ್ಲಿ ಕೀವು ಕಟ್ಟದಿರಬಹುದು, ಗಾಯ ಕೆಂಪಾಗದೆಯೂ ಇರಬಹುದು, ನ್ಯುಮೋನಿಯಾ ಆಗಿದ್ದರೂ ಎಕ್ಸ್‌ರೇಯಲ್ಲಿ ಏನೂ ಕಾಣಿಸದಿರಬಹುದು. ಆಗ ಎಷ್ಟೋ ಬಾರಿ ಜ್ವರವೊಂದೇ ಸುಳಿವು. ಮಗು ಆಸ್ಪತ್ರೆ ತಲುಪಿದ 60 ನಿಮಿಷದೊಳಗೆ ಮೊದಲ ಆ್ಯಂಟಿಬಯೋಟಿಕ್ ಕೊಡಬೇಕೆಂಬ ಗುರಿಯನ್ನು ಅನೇಕ ಚಿಕಿತ್ಸಾ ಕೇಂದ್ರಗಳು ಇಟ್ಟುಕೊಂಡಿರುವುದು ಇದಕ್ಕಾಗಿಯೇ. ಆ ಗಡಿಯಾರ ಲ್ಯಾಬ್ ವರದಿಗಾಗಿ ನಿಲ್ಲಬಾರದು.

ಹಾಗೆಂದು ಈ ಪರೀಕ್ಷೆಗಳು ವ್ಯರ್ಥವೆಂದು ನಾನು ಹೇಳುತ್ತಿಲ್ಲ. ಜ್ವರ ಬಂದ ಬಹುಪಾಲು ಸಂದರ್ಭಗಳಲ್ಲಿ ಕಲ್ಚರ್‌ನಲ್ಲಿ ಯಾವ ರೋಗಾಣುವೂ ಸಿಗುವುದಿಲ್ಲ, ಆದರೂ ಮಕ್ಕಳು ದಿನಗಟ್ಟಲೆ ಡ್ರಿಪ್‌ಗೆ ಕಟ್ಟುಬಿದ್ದು ಮಲಗಿರುತ್ತಾರೆ. ಬೇಡದ ಆ್ಯಂಟಿಬಯೋಟಿಕ್ ಕರುಳಿನ ಒಳ್ಳೆಯ ಬ್ಯಾಕ್ಟೀರಿಯಾಗಳನ್ನು ಕೊಲ್ಲುತ್ತದೆ, ಔಷಧಕ್ಕೆ ಬಗ್ಗದ ರೋಗಾಣುಗಳಿಗೂ ಶಿಲೀಂಧ್ರಗಳಿಗೂ ದಾರಿ ಮಾಡಿಕೊಡುತ್ತದೆ. ಕಲ್ಚರ್ 48 ತಾಸು ಶುದ್ಧವಾಗಿದ್ದು, 24 ತಾಸು ಜ್ವರವಿಲ್ಲದೆ, ರಕ್ತಕಣಗಳನ್ನು ತಯಾರಿಸುವ ಅಸ್ಥಿಮಜ್ಜೆ ಚೇತರಿಸಿಕೊಳ್ಳುವ ಲಕ್ಷಣ ಕಂಡರೆ ಔಷಧ ನಿಲ್ಲಿಸಬಹುದೆಂದು ಮಕ್ಕಳಿಗೆಂದೇ ರೂಪಿಸಿದ ಅಂತರರಾಷ್ಟ್ರೀಯ ಮಾರ್ಗಸೂಚಿ ಹೇಳುತ್ತದೆ. ಆ ತೀರ್ಮಾನಕ್ಕೆ ಬರುವ ದಿನಗಳಲ್ಲಿ, ಮತ್ತೆ ಮತ್ತೆ ಅಳೆದ ಸಿಆರ್‌ಪಿ ಅಥವಾ ಪ್ರೊಕ್ಯಾಲ್ಸಿಟೋನಿನ್ ಇಳಿಯುತ್ತಿದೆಯೋ ಏರುತ್ತಿದೆಯೋ ಎಂಬುದು ಮಗುವನ್ನು ಕಣ್ಣಾರೆ ಪರೀಕ್ಷಿಸುತ್ತಿರುವ ವೈದ್ಯರಿಗೆ ನೆರವಾದೀತು. ಒಂದೇ ಒಂದು ಅಂಕಿಗಿಂತ ಆ ಏರಿಳಿತಕ್ಕೇ ಬೆಲೆ ಹೆಚ್ಚು.

ಮಕ್ಕಳನ್ನು ಮನೆಗೆ ಕಳಿಸುವಾಗ ಆಸ್ಪತ್ರೆಗಳು ಕೊಡುವ ಚೀಟಿಯಲ್ಲಿ, ಜ್ವರ ಎಷ್ಟಾದರೆ ನೇರವಾಗಿ ಆಸ್ಪತ್ರೆಗೆ ಬರಬೇಕೆಂಬುದರ ಜೊತೆಗೆ, ಹೊರಗೆ ರಕ್ತಪರೀಕ್ಷೆ ಮಾಡಿಸಿ ಅದರ ಫಲಿತಾಂಶಕ್ಕೆ ಕಾಯಬಾರದು ಮತ್ತು ವೈದ್ಯರನ್ನು ಕೇಳದೆ ಪ್ಯಾರಾಸಿಟಮಾಲ್ ಕೊಟ್ಟು ಜ್ವರವನ್ನು ಮರೆಮಾಚಬಾರದು ಎಂದೂ ದಪ್ಪ ಅಕ್ಷರಗಳಲ್ಲಿ ಬರೆಯಬೇಕೆಂದು ವಿನಂತಿಸುತ್ತೇನೆ. ಪ್ರಯೋಗಾಲಯಗಳು ವರದಿಯಲ್ಲಿ ಅಂಕಿಯ ಪಕ್ಕದಲ್ಲೇ, ರಕ್ತ ತೆಗೆದಾಗ ಜ್ವರ ಆರಂಭವಾಗಿ ಎಷ್ಟು ತಾಸಾಗಿತ್ತು ಎಂಬುದನ್ನೂ ನಮೂದಿಸಲಿ.

ಇಂತಿ,
ಓರ್ವ ತಾಯಿ